ಲಿಂಬಿ ಬೇರಿನ ನೆಮಟೋಡಕ್ಕ ಲಿಲಾಸಿನಮ್ ಪುಡಿ: ಹಾಕಿ ನೋಡಿದ ಮ್ಯಾಲ ಬರದ ರಿವ್ಯೂ

ಮೊದಲ ಮಾರ್ಕ್ಸ್ ಹಾಕಿಬಿಡ್ತೀನಿ, ಪುರಾಣ ಆಮ್ಯಾಲ ಓದ್ರಿ. ಪುಡಿಗೆ ಐದಕ್ಕ ಮೂರೂವರಿ, ಅದನ್ನ ಅಂಗಡ್ಯಾಗ ಮಾರೋ ರೀತಿಗೆ ಒಂದು, ಮಣ್ಣು-ಬೇರು ಟೆಸ್ಟಿಗೆ ನಾಕು. ಯಾವ ಪುಡಿ ಅಂದ್ರ, ನೆಮಟೋಡಕ್ಕ (ಬೇರಿಗೆ ಹತ್ತೋ ಸಣ್ಣ ಜಂತುಹುಳಕ್ಕ) ಅಂತ ಈಗ ಎಲ್ಲಾ ಎಣ್ಣಿ (ಕೀಟನಾಶಕ) ಅಂಗಡ್ಯಾಗ ಇಟ್ಟಿರ್ತಾರಲ್ಲ ಬಯೋ ಪುಡಿ, ಅದು. ಹಳೆ ಪಾಕೀಟಿನ ಮ್ಯಾಲ ಪೆಸಿಲೋಮೈಸಿಸ್ ಲಿಲಾಸಿನಸ್ ಅಂತ ಇರ್ತೈತಿ, ಹೊಸಾದ್ರ ಮ್ಯಾಲ ಪರ್ಪ್ಯೂರಿಯೋಸಿಲಿಯಮ್ ಲಿಲಾಸಿನಮ್ ಅಂತ, ಎರಡೂ ಒಂದ ಬೂಸರ, ಬ್ಯಾರೆ ಮಾಲು ಅಂತ ಎರಡೆರಡು ತಗೊಂಡು ಬರಬ್ಯಾಡ್ರಿ. ಕಂಪನಿ ಹೆಸರು ಬರಿಯಂಗಿಲ್ಲ, ಯಾಕಂದ್ರ ಒಂದಕ್ಕಿಂತ ಹೆಚ್ಚು ಕಂಪನಿದು ಹಾಕೀನಿ, ಫರಕು ಕಂಪನಿಗಿಂತ ಪಾಕೀಟಿನ ತಾರೀಖಿನಾಗ ಮತ್ತ ನಾವು ಹಾಕೋ ರೀತ್ಯಾಗ ಭಾಳ ಐತಿ.

ಒಂದ ಮಾತಿನಾಗ ಹೇಳಬೇಕಂದ್ರ ಇದು ಎಣ್ಣಿ ಅಲ್ಲ, ಜೀವ ಇರೋ ಬೂಸರ. ಗೊಬ್ಬರ, ಹಿಂಡಿ, ಹಸಿ ಮೂರೂ ಕೊಟ್ರ ಬೆಳದು ಕೆಲಸ ಮಾಡ್ತೈತಿ. ಬರೇ ನೀರಾಗ ಕಲಿಸಿ ಬುಡಕ್ಕ ಹೊಯ್ದು ಎಂಟು ದಿನದಾಗ ಗಿಡ ಹಸರಾಗಲಿ ಅಂತ ಕೂತ್ರ ರೊಕ್ಕ ಮಣ್ಣಾಗ ಹೋತು ಅಂತ ತಿಳೀರಿ.

ನಮ್ದು ವಿಜಯಪುರ ಜಿಲ್ಲಾ ಇಂಡಿ ತಾಲೂಕು, ಮಡ್ಡಿ ಜಮೀನು, ಕೆಳಗ ಗರಸು, ಸುಣ್ಣ ಜಾಸ್ತಿ. ಲಿಂಬಿ ಬಿಟ್ರ ಬ್ಯಾರೆ ಏನು ಹಚ್ಚಿದ್ರೂ ಅಷ್ಟಕ್ಕಷ್ಟ. ಇಂಡಿ ಲಿಂಬಿಗೆ 2023ರಾಗ ಜಿಐ ಟ್ಯಾಗ್ ಬಂತು, ಲಿಂಬಿ ಅಭಿವೃದ್ಧಿ ಮಂಡಳಿ ಆಫೀಸೂ ಇಂಡ್ಯಾಗ ಐತಿ, ಎಲ್ಲಾ ಖರೆ, ಆದ್ರ ಟ್ಯಾಗ್ ನೋಡಿ ಹುಳ ಏನು ಬೇರು ಬಿಟ್ಟು ಹೋಗಂಗಿಲ್ಲ.

ಹುಳದ ಬಗ್ಗೆ ಸ್ವಲ್ಪ ಹೇಳಲೇಬೇಕು, ಇಲ್ಲಂದ್ರ ಪುಡಿ ಯಾಕ ತಡ ಮಾಡ್ತೈತಿ ಅನ್ನೋದು ತಿಳಿಯಂಗಿಲ್ಲ. ಲಿಂಬಿ, ಮೋಸಂಬಿ, ಕಿತ್ತಳಿ ಬೇರಿಗೆ ಬರೋದು ಟೈಲೆಂಕುಲಸ್ ಸೆಮಿಪೆನೆಟ್ರಾನ್ಸ್ ಅನ್ನೋ ಜಂತುಹುಳ. ಹೆಣ್ಣು ಹುಳ ಅರ್ಧ ಮಿಲಿಮೀಟರಿಗೂ ಕಡಿಮಿ, ಬರಿಗಣ್ಣಿಗೆ ಕಾಣಂಗಿಲ್ಲ. ತಲಿ ಕಡೆ ಅರ್ಧಾ ಮೈ ಸಣ್ಣ ಬೇರಿನ ಒಳಗ ತೂರಿಸಿ ಅಲ್ಲೇ ಠಿಕಾಣಿ ಹೂಡತೈತಿ, ಹಿಂದಿನ ಅರ್ಧಾ ಹೊರಗ, ಸಾಯೂತನಕ ಜಾಗಾ ಬಿಡಂಗಿಲ್ಲ. ಹೊರಗಿನ ಭಾಗದಿಂದ ಒಂದು ಲೋಳಿ ಬಿಡತೈತಿ, ಆ ಲೋಳಿಯೊಳಗ 75ರಿಂದ 100 ತತ್ತಿ. ಮಣ್ಣಿನ ಬಿಸಿ 25 ಡಿಗ್ರಿ ಆಸುಪಾಸು ಇದ್ರ ತತ್ತಿಯಿಂದ ಮತ್ತ ತತ್ತಿಗೆ ಬರಾಕ 6ರಿಂದ 8 ವಾರ. ಲಿಲಾಸಿನಮ್ ಬೂಸರ ತಿನ್ನೋದು ಮುಖ್ಯವಾಗಿ ಈ ತತ್ತಿ ಮತ್ತ ಒಂದ ಕಡೆ ಕೂತ ಹೆಣ್ಣನ್ನ. ಮಣ್ಣಾಗ ಓಡಾಡೋ ಮರಿಹುಳಕ್ಕ ಅದರಿಂದ ಅಷ್ಟ ತ್ರಾಸ ಆಗಂಗಿಲ್ಲ. ಅಂದಮ್ಯಾಲ ಈಗಾಗಲೇ ಬೇರಿಗೆ ಹತ್ತಿದ ಹುಳ ತಮ್ಮ ಪಾಲು ತಿಂದ ತಿಂತಾವ, ಕಡಿಮಿ ಆಗೋದು ಮುಂದಿನ ಪೀಳಿಗಿ. ಒಂದು ಸುತ್ತು ಮುಗಿಯಾಕ ಎರಡು ತಿಂಗಳು ಬೇಕಾದ್ರ ಎಂಟು ದಿನದಾಗ ರಿಸಲ್ಟ್ ಎಲ್ಲಿಂದ ಬರತೈತಿ ಹೇಳ್ರಿ, ಇದನ್ನ ಅಂಗಡ್ಯಾಗ ಯಾರೂ ಹೇಳಂಗಿಲ್ಲ, ಹೇಳಿದ್ರ ಪಾಕೀಟು ಹೋಗಂಗಿಲ್ಲ ಅಂತ ಅಂಜಿಕಿ.

ಬೇರು ನೋಡಿ ಗುರ್ತು ಹಿಡಿಯೋದು ಹ್ಯಾಂಗ ಅಂದ್ರ, ಗಿಡದ ನೆರಳಿನ ಅಂಚಿನಾಗ ಒಂದು ಗೇಣು ಕೆದರಿ ಸಣ್ಣ ಸಣ್ಣ ಬೇರು ತಗೀರಿ, ದಪ್ಪ ಬೇರು ಬ್ಯಾಡ. ಬಕೀಟಿನ ನೀರಾಗ ಮೆಲ್ಲಗ ಅಲ್ಲಾಡಿಸ್ರಿ. ಛಲೋ ಬೇರು ಕೂಡ್ಲೆ ಸ್ವಚ್ಛ ಆಗಿ ತಿಳಿ ಹಳದಿ ಕಾಣತಾವ. ಹುಳ ಹತ್ತಿದ್ದು ಎಷ್ಟ ತೊಳದ್ರೂ ರವಾ ಮೆತ್ತಿದಂಗ ಮಣ್ಣಿನ ಕಣ ಹಿಡಕೊಂಡ ಇರ್ತಾವ, ಆ ಲೋಳಿಗೆ ಅಂಟಿದ ಮಣ್ಣು ಅದು, ಬೇರು ಇದ್ದದ್ದಕ್ಕಿಂತ ದಪ್ಪ ಕಾಣತೈತಿ, ಬಣ್ಣ ಕಂದು. ಉಗುರಿಲೆ ಎಳದ್ರ ಮ್ಯಾಲಿನ ಸಿಪ್ಪಿ ಸುಲದು ಬಂದು ಒಳಗಿನ ನಾರು ಅಷ್ಟ ಕೈಯಾಗ ಉಳಿತೈತಿ, ಆದ್ರ ಸಿಪ್ಪಿ ಸುಲಿಯೋದು ಫೈಟೋಫ್ತೊರಾ ಕೊಳೆರೋಗಕ್ಕೂ ಆಗತೈತಿ, ಅದೊಂದ ನೋಡಿ ತೀರ್ಮಾನ ಮಾಡಬ್ಯಾಡ್ರಿ. ಮತ್ತ ದಾಳಿಂಬಿ ಇದ್ದವ್ರಿಗೆ ಒಂದು ಮಾತು, ನಿಮ್ಮ ಬೇರಿನಾಗ ಗಂಟು ಕಾಣತಾವಲ್ಲ, ಅದು ಬ್ಯಾರೆ ನೆಮಟೋಡ, ಲಿಂಬಿ ಹುಳ ಗಂಟು ಕಟ್ಟಂಗಿಲ್ಲ. "ಗಂಟ ಇಲ್ಲಲ್ಲೋ ತಮ್ಮಾ, ನಿಮ್ಮ ತ್ವಾಟದಾಗ ಎಲ್ಲೀ ನೆಮಟೋಡ" ಅಂತ ಹೇಳೋ ಶಾಣ್ಯಾ ಮಂದಿ ನಮ್ಮ ಕಡೆ ಭಾಳ ಅದಾರ.

ಮ್ಯಾಲ ಗಿಡದಾಗ ಏನ ಕಾಣತೈತಿ ಅಂದ್ರ ಅದ ದೊಡ್ಡ ಗೊಂದಲ. ಎಲಿ ಸಣ್ಣ ಆಗತಾವ, ಹಳದಿ ಆಗತಾವ, ತುದಿ ಟೊಂಗಿ ಒಣಗಿ ಬರತಾವ, ನೆತ್ತಿ ಬೋಳ ಆಗತೈತಿ, ಕಾಯಿ ಗ್ವಾಲಿ ಸೈಜಿಗೆ ನಿಲ್ಲತೈತಿ. ಒಮ್ಮಿಗೆ ಸಾಯಂಗಿಲ್ಲ, ವರ್ಷ ವರ್ಷ ಸೊರಗತೈತಿ, ಅದಕ್ಕ ಇಂಗ್ಲಿಷಿನಾಗ ಸ್ಲೋ ಡಿಕ್ಲೈನ್ ಅಂತಾರ. ಆದ್ರ ಇದ ಥರಾ ನಮ್ಮ ಸುಣ್ಣದ ಮಣ್ಣಾಗ ಜಿಂಕ್ ಕಬ್ಬಿಣ ಸಿಗದಿದ್ರೂ ಕಾಣತೈತಿ, ಟ್ರಿಸ್ಟೆಜಾ ವೈರಸ್ ಬಂದ್ರೂ ಕಾಣತೈತಿ, ಬುಡದಾಗ ಅಂಟು ಸೋರೋ ರೋಗಕ್ಕೂ ಕಾಣತೈತಿ. ನಮ್ಮೂರಾಗ ಒಬ್ಬ ಕಾಕಾ ಮೈಕ್ರೋನ್ಯೂಟ್ರಿಯಂಟ್ ಹೊಡದೂ ಹೊಡದೂ ಡ್ರಮ್ ಖಾಲಿ ಮಾಡ್ಯಾನ, ಎಲಿ ಒಂದಿಷ್ಟು ದಿನ ಹಸರಾಗಿ ಮತ್ತ ಅದ ಕತಿ. ಬೇರ ಇಲ್ಲದ ಗಿಡಕ್ಕ ಮ್ಯಾಲಿಂದ ಎಷ್ಟ ಉಣಿಸಿದ್ರ ಏನ.

ಅದಕ್ಕ ಮೊದಲ ಟೆಸ್ಟ್. ನಾ ನಾಕು ಮಾರ್ಕ್ಸ್ ಕೊಟ್ಟದ್ದು ಇದಕ್ಕ. ಕೃಷಿ ವಿಶ್ವವಿದ್ಯಾಲಯದವ್ರ ಕಡೆ ಆಗತೈತಿ, ಕೃಷಿ ವಿಜ್ಞಾನ ಕೇಂದ್ರದಾಗ ಕೇಳಿದ್ರ ಎಲ್ಲಿ ಕಳಸಬೇಕು ಅಂತ ಹೇಳ್ತಾರ, ಖರ್ಚು ಒಂದು ಪಾಕೀಟು ಪುಡಿಗಿಂತ ಭಾಳ ಜಾಸ್ತಿ ಏನ ಆಗಲಿಲ್ಲ. ಮಣ್ಣು ತಗಿಯೋದು ಮಾತ್ರ ಸರಿ ತಗೀರಿ. ಸತ್ತ ಗಿಡದ ಬುಡದ ಮಣ್ಣು ಒಯ್ದ್ರ ಹುಳ ಅಷ್ಟ ಸಿಗಂಗಿಲ್ಲ, ತಿನ್ನಾಕ ಬೇರ ಇಲ್ಲಂದಮ್ಯಾಲ ಅಲ್ಲಿ ಕೂತು ಏನ ಮಾಡ್ತಾವ. ಸೊರಗಾಕ ಶುರು ಆದ ಗಿಡ ನೋಡ್ರಿ, ನೆರಳಿನ ಅಂಚಿನಾಗ ಮ್ಯಾಲಿನ ಒಣ ಮಣ್ಣು ಸರಿಸಿ 15ರಿಂದ 30 ಸೆಂಟಿಮೀಟರ್ ಆಳದಿಂದ ಮಣ್ಣು ಮತ್ತ ಅದರ ಜೋಡಿ ಸಣ್ಣ ಬೇರೂ ತಗೀರಿ, ಹತ್ತು ಹನ್ನೆರಡು ಗಿಡದ್ದು ಕೂಡಿಸಿ ಕಲಿಸಿ ಅದರಾಗಿಂದು ಒಂದು ಕಾಲು ಕೆಜಿ ಪ್ಲಾಸ್ಟಿಕ್ ಚೀಲದಾಗ ಹಾಕಿ ಬಾಯಿ ಕಟ್ಟಿ ನೆರಳಾಗ ಇಟ್ಟು ಲಗೂನ ಮುಟ್ಟಸ್ರಿ. ಒಣಗಬಾರ್ದು, ಬಿಸಿಲಿಗೆ ಕಾಯಬಾರ್ದು. ಗಾಡಿ ಡಿಕ್ಕ್ಯಾಗ ಬ್ಯಾಸಿಗ್ಯಾಗ ಇಟ್ಟು ಒಯ್ದ್ರ ಹುಳ ದಾರ್ಯಾಗ ಸಾಯ್ತಾವ. ಲ್ಯಾಬಿನಾಗ ಮಣ್ಣು ನೀರಾಗ ಕಲಿಸಿ ಒಂದಕ್ಕಿಂತ ಒಂದು ಸಣ್ಣ ಜರಡ್ಯಾಗ ಸೋಸಿ, ಟಿಶ್ಯೂ ಪೇಪರಿನ ಮ್ಯಾಲ ಹಾಕಿ ನೀರಿಗೆ ತಾಗಿಸಿ ಇಡ್ತಾರ, ಜೀವಂತ ಹುಳ ತಾವ ಈಜಿ ಕೆಳಗ ಇಳಿತಾವ, ಅವನ್ನ ಎಣಸ್ತಾರ. ಸತ್ತದ್ದು ಇಳಿಯಂಗಿಲ್ಲ, ರಿಪೋರ್ಟಿನಾಗ ಸೊನ್ನಿ ಬರತೈತಿ, ನೀವು ಖುಷ್ ಆಗಿ ಮನಿಗೆ ಬರ್ತೀರಿ.

ನಮ್ಮ ರಿಪೋರ್ಟ್ ಬರಾಕ ಫೋನ್ ಮ್ಯಾಲ ಫೋನ್ ಹಚ್ಚಬೇಕಾತು, ಅದಕ್ಕ ಒಂದು ಮಾರ್ಕ್ ಕಟ್. ಬಂದದ್ದು ಮಾತ್ರ ಕೆಲಸದ್ದು. 200 ಸಿಸಿ ಮಣ್ಣಾಗ ಎಷ್ಟು ಮರಿಹುಳ, ಬೇರಿನ ತೂಕದ ಲೆಕ್ಕದಾಗ ಎಷ್ಟು ಹೆಣ್ಣು ಅಂತ ಬ್ಯಾರೆ ಬ್ಯಾರೆ ಕೊಟ್ಟಿದ್ರು. ಬೇರಿನ ಲೆಕ್ಕ ನೋಡ್ರಿ ಮೊದಲ, ಮಣ್ಣಿನ ಲೆಕ್ಕ ಹಸಿ ಮತ್ತ ಹವಾ ನೋಡಿ ಏರುಪೇರು ಆಗತೈತಿ. ಛಲೋ ಕಾಣೋ ಸಾಲಿನ ಮಣ್ಣೂ ಬ್ಯಾರೆ ಚೀಲದಾಗ ಕಳಸಿದ್ದೆ, ಅದರಾಗೂ ಹುಳ ಇದ್ವು, ಆದ್ರ ಸೊರಗಿದ ಸಾಲಿನ್ಯಾಗ ಅದರ ಕೆಲವು ಪಟ್ಟು ಇದ್ವು. ಅಂದ್ರ ಹುಳ ಇಲ್ಲದ ಹಳೆ ಲಿಂಬಿ ತ್ವಾಟ ಸಿಗೋದು ಕಷ್ಟ, ಪ್ರಶ್ನೆ ಎಷ್ಟು ಅದಾವ ಅನ್ನೋದು.

ಈಗ ಪಾಕೀಟಿಗೆ ಬರೂಣು. ಕೆಜಿ ಪಾಕೀಟು, ಒಳಗ ಟಾಲ್ಕ್ ಪುಡ್ಯಾಗ ಬೂಸರದ ಬೀಜ ಕಲಸಿರ್ತಾರ. ಹಿಟ್ಟಿನಗತೆ ಸಣ್ಣ, ವಾಸನಿ ಏನಿಲ್ಲ, ಎಣ್ಣಿ ವಾಸನಿ ಬಂದ್ರ ಸಂಶಯ ಪಡ್ರಿ. ಹೆಸರಘಟ್ಟದ ಐಐಎಚ್‌ಆರ್‌ನವ್ರು (ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವ್ರು) ಇದರ ಮ್ಯಾಲ ಭಾಳ ವರ್ಷ ಕೆಲಸ ಮಾಡ್ಯಾರ, ಅವ್ರ ಫಾರ್ಮುಲಾ 1% ಡಬ್ಲ್ಯೂಪಿ (ನೀರಾಗ ಕಲಸೋ ಪುಡಿ), ಗ್ರಾಮಿಗೆ 20 ಲಕ್ಷ ಸಿಎಫ್‌ಯು (ಜೀವ ಇದ್ದು ಬೆಳೆಯೋ ಬೂಸರದ ಲೆಕ್ಕ), ಅದನ್ನ ಲೈಸೆನ್ಸ್ ತಗೊಂಡು ಬ್ಯಾರೆ ಬ್ಯಾರೆ ಕಂಪನ್ಯಾವ್ರು ಮಾಡಿ ಮಾರ್ತಾರ. ಲೇಬಲ್ ಮ್ಯಾಲ ನೋಡಬೇಕಾದ್ದು ಇಷ್ಟ: ಬೂಸರದ ಪೂರಾ ಹೆಸರು, ಸಿಎಫ್‌ಯು ಎಷ್ಟು, ಕೇಂದ್ರ ಕೀಟನಾಶಕ ಮಂಡಳಿ ರಿಜಿಸ್ಟ್ರೇಶನ್ ನಂಬರ್, ತಯಾರಾದ ತಾರೀಖು. ಇವು ನಾಕೂ ಇಲ್ಲದ, "ನೆಮಟೋಡ ಖಲ್ಲಾಸ್" ಅಂತ ಹುಳದ ಚಿತ್ರದ ಮ್ಯಾಲ ಕೆಂಪು ಕಾಟು ಹಾಕಿದ ಬಾಟ್ಲಿ ಬಂದ್ರ ಕೈ ಮುಗದು ಹೊರಗ ಬರ್ರಿ.

ತಾರೀಖಿನ ಮಾತು ಒತ್ತಿ ಹೇಳ್ತೀನಿ. ನಾ ಹೋದ ಅಂಗಡ್ಯಾಗ ಈ ಪಾಕೀಟು ಪತ್ರಾಸಿನ ಕೆಳಗ, ಅಟ್ಟದ ಮ್ಯಾಲ, ಯೂರಿಯಾ ಚೀಲದ ಹಿಂದ ಇದ್ವು. ನಮ್ಮ ಕಡೆ ಏಪ್ರಿಲ್-ಮೇನಾಗ ಹೊರಗ 40 ಡಿಗ್ರಿ ದಾಟತೈತಿ, ಪತ್ರಾಸಿನ ಕೆಳಗ ಇನ್ನಾ ಹೆಚ್ಚು. ಲೇಬಲ್ ಮ್ಯಾಲ ತಂಪ ಜಾಗಾದಾಗ ಇಡ್ರಿ ಅಂತ ಇವ್ರ ಅಂಗಡಿ ದೀಪ ಹಚ್ಚಿ ಓದೋವಷ್ಟು ಸಣ್ಣ ಅಕ್ಷರದಾಗ ಇರ್ತೈತಿ. ಎಕ್ಸ್‌ಪೈರಿಗೆ ಇನ್ನಾ ಮೂರು ತಿಂಗಳೈತಲ್ಲ ಅಂತ ಅಂಗಡ್ಯಾವ ವಾದ ಮಾಡ್ತಾನ, ತಾರೀಖು ಖರೆ ಇರಬಹುದು, ಒಳಗಿನ ಜೀವ ಯಾವಾಗೋ ಹೋಗಿರ್ತೈತಿ. "ಸಾಹೇಬ್ರ, ಇದರ ಜೋಡಿ ಈ ಫಂಗಿಸೈಡೂ ಡ್ರಿಪ್ಪಿನಾಗ ಬಿಡ್ರಿ, ಡಬಲ್ ರಿಸಲ್ಟ್" ಅಂತ ಅವನ ಸಲಹಾ. ಪುಡಿ ಅಂದ್ರ ಬೂಸರ, ಫಂಗಿಸೈಡ್ ಅಂದ್ರ ಬೂಸರ ಕೊಲ್ಲೋ ಔಷಧ, ಎರಡೂ ಒಂದ ಕೈಲೆ ಮಾರ್ತಾನ. ಮಾರೋ ರೀತಿಗೆ ಒಂದ ಮಾರ್ಕ್ ಯಾಕ ಅಂತ ಈಗ ತಿಳೀತಲ್ಲ. ಬ್ಯಾಸಿಗಿ ಮುಗದು ಹೊಸ ಮಾಲು ಬಂದಮ್ಯಾಲ ತಗೋರಿ, ತಯಾರಾಗಿ ಎರಡು ಮೂರು ತಿಂಗಳೊಳಗಿಂದು ಇದ್ರ ಛಲೋ, ಫಂಗಿಸೈಡ್ ಹೊಯ್ಯೋದಿದ್ರ ನಡುವ ಮೂರು ನಾಕು ವಾರ ಗ್ಯಾಪ್ ಇಟಗೋರಿ.

ಹಾಕೋ ರೀತಿ ಈಗ. ಇಲ್ಲೇ ಎಲ್ಲಾರೂ ಎಡವೋದು, ಅದಕ್ಕ ಉದ್ದ ಬರೀತೀನಿ. ಒಂದು ಟನ್ ಪೂರಾ ಕಳತ ತಿಪ್ಪಿ ಗೊಬ್ಬರಕ್ಕ ಎರಡು ಕೆಜಿ ಪುಡಿ, ಇದು ಐಐಎಚ್‌ಆರ್‌ನವ್ರು ಹೇಳೋ ಲೆಕ್ಕ, ಬೇಕಾದ್ರ ಇದರ ಜೋಡಿ ಟ್ರೈಕೋಡರ್ಮಾ ಮತ್ತ ಸೂಡೊಮೊನಾಸ್ ಅನ್ನೋ ಬ್ಯಾರೆ ಬಯೋ ಪುಡಿ ಕೂಡ ಅಷ್ಟಷ್ಟ. ಕಳತ ಗೊಬ್ಬರ ಅಂದ್ರ ಕೈಯಾಗ ಹಿಡದ್ರ ಬಿಸಿ ಇರಬಾರ್ದು, ಹೆಂಡಿ ವಾಸನಿ ಬರಬಾರ್ದು. ಹಸಿ ಗೊಬ್ಬರದಾಗ ಕಲಸಿದ್ರ ಅದು ಕಾವು ಏರಿ ಬೂಸರ ಬೇಯಿಸ್ತೈತಿ. ಗಿಡದ ನೆರಳಾಗ ಗುಂಪಿ ಹಾಕಿದ್ವಿ, ಒಂದು ಪದರ ಗೊಬ್ಬರ, ಮ್ಯಾಲ ಪುಡಿ ಕಲಸಿದ ನೀರು ಚಿಮುಕ್ಸಿ, ಮತ್ತೊಂದು ಪದರ, ಹಿಂಗ ಮೊಣಕಾಲು ಎತ್ತರ ತನಕ. ಹಸಿ ಎಷ್ಟಿರಬೇಕು ಅಂದ್ರ ಮುಷ್ಟ್ಯಾಗ ಹಿಂಡಿದ್ರ ಉಂಡಿ ಆಗಬೇಕು, ಬಟ್ಟಿನ ಸಂದ್ಯಾಗ ನೀರು ಇಳೀಬಾರ್ದು. ಮ್ಯಾಲ ಹಳೆ ಗೋಣಿಚೀಲ ಹಾಸಿ ದಿನಾ ನೀರು ಚಿಮುಕ್ಸಿ 15 ದಿನ ಬಿಡಬೇಕು, ನಡುವ ಒಮ್ಮಿ ಸಲಿಕಿಲೆ ತಿರುವಿ ಹಾಕಬೇಕು. ಪ್ಲಾಸ್ಟಿಕ್ ತಾಡಪಾಲ ಬ್ಯಾಡ, ಗಾಳಿ ಆಡಂಗಿಲ್ಲ, ಕಾವೂ ಹಿಡಿತೈತಿ. ನಮ್ಮ ಗುಂಪಿಯೊಳಗ ಬೆಳ್ಳಗ ಬೂಸರದ ಎಳಿ ಕಂಡ್ವು, ಮನಿ ಮಂದಿ ಎಲ್ಲಾ "ಹತ್ತೇತಿ ಹತ್ತೇತಿ" ಅಂತ ಖುಷಿ ಪಟ್ರು, ನಾ ಅಷ್ಟ ನಂಬಲಿಲ್ಲ, ತಿಪ್ಪ್ಯಾಗ ಬಿಳಿ ಬೂಸರ ತಾನೂ ಬರತೈತಿ, ಯಾವುದು ಇದರದ್ದು ಯಾವುದು ಅದರದ್ದು ಅಂತ ಕಣ್ಣಿಲೆ ಹೇಳಾಕ ಬರಂಗಿಲ್ಲ.

ಜೋಡಿ ಬೇವಿನ ಹಿಂಡಿ ಬೇಕ ಬೇಕು. ಹಿಂಡಿ ಮರಿಹುಳಕ್ಕೂ ಒಂದಿಷ್ಟು ತ್ರಾಸ ಕೊಡತೈತಿ, ಬೂಸರಕ್ಕ ಆಹಾರಾನೂ ಆಗತೈತಿ, ಗಿಡಕ್ಕ ಗೊಬ್ಬರಾನೂ ಆಗತೈತಿ. ಆದ್ರ ಹಿಂಡಿ ಹೆಸರಿನಾಗ ಏನೇನೋ ಮಾರ್ತಾರ. ಚೀಲ ಬಿಚ್ಚಿದ್ರ ಮೂಗಿಗೆ ಬಡಿಬೇಕು ಆ ವಾಸನಿ, ಒಂದು ಚೂರು ನಾಲಿಗಿಗೆ ಇಟ್ರ ಕಹಿ ಅರ್ಧಾ ತಾಸು ಹೋಗಬಾರ್ದು. ಬೂದಿ ಬಣ್ಣ, ಮರಳು ಮರಳು, ವಾಸನಿ ಇಲ್ಲ ಅಂದ್ರ ಅದು ಬೇವಿನ ಹಿಂಡಿ ಅಲ್ಲ, ನಿಮ್ಮ ಹೊಲದ ಮಣ್ಣ ನಿಮಗ ಮಾರ್ಯಾರ. ಖರ್ಚಿನಾಗ ದೊಡ್ಡ ಪಾಲು ಈ ಹಿಂಡಿದ, ಪುಡಿದಲ್ಲ. ಪುಡಿ ಸೋವಿ ಐತಿ ಅಂತ ಲೆಕ್ಕ ಹಾಕೋರು ಹಿಂಡಿ, ಗೊಬ್ಬರ, ಆಳಿನ ಪಗಾರ ಕೂಡಿಸಿ ನೋಡ್ರಿ, ಎಕರೆದ ಲೆಕ್ಕ ಬ್ಯಾರೇನ ಬರತೈತಿ.

ಗಿಡಕ್ಕ ಹಾಕುವಾಗ ಬುಡಕ್ಕ ಗುಡ್ಡಿ ಹಾಕಬ್ಯಾಡ್ರಿ. ತಿನ್ನೋ ಬೇರು ಅಲ್ಲಿಲ್ಲ, ಮ್ಯಾಲಿಂದ ಬುಡಕ್ಕ ಹಸಿ ನಿಂತ್ರ ಅಂಟು ರೋಗ ಬ್ಯಾರೆ. ನೆರಳಿನ ಅಂಚಿನಾಗ, ಡ್ರಿಪ್ಪಿನ ಹನಿ ಬೀಳೋ ಸುತ್ತ, ನಾಕು ಬೆರಳು ಆಳ ಕೈಕುರ್ಪಿಲೆ ಕೆದರಿ ಹಾಕಿ ಮಣ್ಣು ಮುಚ್ಚಿ ಮ್ಯಾಲ ಕಸ ಹೊಚ್ಚಿದ್ವಿ. ಗುದ್ದಲಿಲೆ ಆಳ ಅಗಿದ್ರ ಇದ್ದ ನಾಕು ಬೇರೂ ಹರೀತಾವ. ದೊಡ್ಡ ಗಿಡಕ್ಕ ತಯಾರಾದ ಗೊಬ್ಬರ ಎರಡು ಬುಟ್ಟಿ ಹಾಕಿದ್ವಿ, ಸಣ್ಣವಕ್ಕ ಒಂದು.

ಅರ್ಧಾ ಮಂದಿ ಕೇಳ್ತಾರ, ಇಷ್ಟೆಲ್ಲಾ ಯಾಕ, ಡ್ರಿಪ್ಪಿನಾಗ ಬಿಟ್ರ ಆತಲ್ಲ ಅಂತ. ಪುಡಿ ಬ್ಯಾಡ್ರಿ ದಯಮಾಡಿ. ಟಾಲ್ಕ್ ಕರಗಂಗಿಲ್ಲ. ವೆಂಚುರಿಲೆ (ಡ್ರಿಪ್ಪಿನ ನೀರಾಗ ಔಷಧ ಎಳಕೊಳ್ಳೋ ನಳಗಿಲೆ) ಬಿಟ್ಟ ನಮ್ಮ ಬಾಜೂಕಿನ ಹೊಲದವ್ರ ಫಿಲ್ಟರ್ ಬಿಚ್ಚಿ ನೋಡಿದ್ರ ಜಾಳಿಗಿ ತುಂಬ ಬಿಳಿ ಕೆಸರು ಮೆತ್ತಿತ್ತು, ಡ್ರಿಪ್ಪರ್ ಅರ್ಧಕ್ಕರ್ಧ ಕಟ್ಟಿ ಕೂತಿದ್ವು, ಸೂಜಿ ತಗೊಂಡು ಒಂದೊಂದ ಚುಚ್ಚಿ ಬಿಡಿಸಬೇಕಾತು. ಡ್ರಿಪ್ಪಿಗೆ ಬಿಡೋದಿದ್ರ ಲಿಕ್ವಿಡ್ ಬರತೈತಿ, ಅದನ್ನ ತಗೋರಿ, ರೇಟು ಹೆಚ್ಚು. ಇಲ್ಲಾ ಪುಡಿ ರಾತ್ರಿ ನೆನಸಿಟ್ಟು ಮುಂಜಾನೆ ಮ್ಯಾಲಿನ ತಿಳಿ ನೀರು ಬಟ್ಟ್ಯಾಗ ಸೋಸಿ ಕೊಡಾಕ ಬರತೈತಿ ಅಂತಾರ, ಬೂಸರದ ಬೀಜ ಎಷ್ಟು ಕೆಳಗ ಉಳೀತು ಎಷ್ಟು ಮ್ಯಾಲ ಬಂತು ಯಾರಿಗ್ಗೊತ್ತು, ನನಗ ಆ ಪದ್ಧತಿ ಮ್ಯಾಲ ವಿಶ್ವಾಸ ಇಲ್ಲ.

ರಿಸಲ್ಟ್ ಏನಾತು. ಎರಡು ಸಾಲು ಬೇಕಂತ ಹಂಗ ಬಿಟ್ಟಿದ್ದೆ, ಬರೇ ಗೊಬ್ಬರ ಹಿಂಡಿ, ಪುಡಿ ಇಲ್ಲ. ಇಲ್ಲಂದ್ರ ಗಿಡ ಸುಧಾರಿಸಿದ್ದು ಪುಡಿಯಿಂದೋ ಹಿಂಡಿಯಿಂದೋ ಅಂತ ಯಾವ ಜನ್ಮಕ್ಕೂ ತಿಳಿಯಂಗಿಲ್ಲ. ಮೊದಲ ಎರಡು ತಿಂಗಳು ಮ್ಯಾಲ ಏನೂ ಫರಕ ಇಲ್ಲ, ಖರೆ ಹೇಳ್ತೀನಿ, ಎರಡೂ ಕಡೆ ಒಂದ ಥರಾ ಹಸರಾದ್ವು, ಅದು ಹಿಂಡಿ ಪ್ರಭಾವ. ಫರಕ ಕಂಡದ್ದು ಆಮ್ಯಾಲ ಕೆದರಿ ನೋಡಿದಾಗ. ಪುಡಿ ಬಿದ್ದ ಸಾಲಿನ್ಯಾಗ ಗೊಬ್ಬರದ ಪದರದೊಳಗ ಬಿಳಿ ತುದಿ ಇರೋ ಹೊಸ ಬೇರು ಜಾಳಿಗಿ ಕಟ್ಟಿದ್ವು, ತೊಳದ್ರ ಸ್ವಚ್ಛ ಆಗತಿದ್ವು. ಪುಡಿ ಇಲ್ಲದ ಸಾಲಿನ್ಯಾಗ ಹೊಸ ಬೇರು ಬಂದಿದ್ವು, ಆದ್ರ ಅವಕ್ಕೂ ಮಣ್ಣು ಮೆತ್ತಾಕ ಶುರು ಆಗಿತ್ತು. ಮುಂದ ಎರಡನೇ ಟೆಸ್ಟಿನಾಗ ಬೇರಿನ ಹೆಣ್ಣುಹುಳದ ಲೆಕ್ಕ ಅರ್ಧಕ್ಕಿಂತ ಕೆಳಗ ಬಂದಿತ್ತು, ಮಣ್ಣಾಗ ಅಷ್ಟ ಇಳದಿಲ್ಲ. ಸೊನ್ನಿ ಏನ ಆಗಿಲ್ಲ, ಆಗೂದೂ ಇಲ್ಲ, ಈ ಹುಳ ಆಳದಾಗೂ ಇರ್ತಾವ, ನಾವು ಗೊಬ್ಬರ ಹಾಕೋದು ಮ್ಯಾಲಿನ ಗೇಣಿನಾಗ. ಕಾಯಿ ಸೈಜು ಮುಂದಿನ ಬಹಾರಕ್ಕ (ಹೂವು-ಕಾಯಿ ಸುತ್ತಿಗೆ) ಸುಧಾರಿಸ್ತು, ಮಾರ್ಕೆಟ್ಟಿನಾಗ ದೊಡ್ಡ ಕಾಯಿ ಪಾಲು ಹೆಚ್ಚಿಗಿ ಬಂತು. ನೆತ್ತಿ ಪೂರಾ ಒಣಗಿದ ಗಿಡ ಮಾತ್ರ ಒಂದೂ ಎದ್ದಿಲ್ಲ, ಅವಕ್ಕ ಹಾಕಿದ್ದು ದಂಡ. ಅರ್ಧಾ ಹಸರ ಉಳದ ಗಿಡಕ್ಕ ಹಾಕ್ರಿ, ಪೂರಾ ಹೋದದ್ದು ಕಿತ್ತು ಒಲಿಗೆ ಹಾಕ್ರಿ.

ಬ್ಯಾರೆ ಏನದಾವ ಅಂತ ಕೇಳೋರಿಗೆ. ಹಳೆ ಮಂದಿ ಇನ್ನಾ ಫೋರೇಟ್ ಅನ್ನೋ ಹರಳಿನ ವಿಷ (10ಜಿ) ಕೇಳ್ತಾರ, "ಹತ್ತು ಜಿ ಹಾಕ್ರಿ ಒಂದ ಏಟಿಗೆ ಹೋಗತೈತಿ" ಅಂತ. 2020ರ ಡಿಸೆಂಬರ್ 31ರಿಂದ ಅದು ಬ್ಯಾನ್, ಸಿಕ್ರೂ ತಗೋಬ್ಯಾಡ್ರಿ, ಅದರ ವಿಷ ಹುಳಕ್ಕಿಂತ ಮೊದಲ ಹಾಕೋ ಕೂಲಿಯವ್ರಿಗೆ ಹತ್ತತೈತಿ. ಕಾರ್ಬೊಫ್ಯುರಾನ್ ಹರಳೂ ಭಾಳ ವಿಷ, ಅದರ ಮ್ಯಾಲೂ ಸರ್ಕಾರ ಹಗ್ಗ ಬಿಗಿ ಮಾಡೇತಿ. ಹೊಸಾದ್ರಾಗ ಫ್ಲೂಪೈರಾಮ್ ಅಂತ ಐತಿ, ದಾಳಿಂಬಿಯೋರು ಭಾಳ ಹಾಕ್ತಾರ, ಮರಿಹುಳ ಲಗೂನ ಸುಮ್ಮನಾಗತಾವ ಅನ್ನೋದು ಖರೆ, ರೇಟ್ ಕೇಳಿದ್ರ ನಾವೂ ಸುಮ್ಮನಾಗ್ತೀವಿ. ನನ್ನ ತಕರಾರು ರೇಟಿಂದಲ್ಲ. ಲಿಂಬಿ ಅಂದ್ರ ದ್ರಾಕ್ಷಿಗತೆ ವರ್ಷಕ್ಕೊಮ್ಮಿ ಕಟಾವು ಅಲ್ಲ, ಗಿಡದಾಗ ಹೂವು, ಹೀಚು, ಹಣ್ಣು ಮೂರೂ ಇರ್ತಾವ, ಬಿದ್ದ ಹಣ್ಣು ಆರಸ್ಕೊಂಡು ವಾರಾ ವಾರಾ ಡಾಗ (ಚೀಲ) ಕಟ್ಟಿ ಕಳಸ್ತೀವಿ. ಔಷಧ ಹಾಕಿ ಇಷ್ಟು ದಿನ ಹಣ್ಣು ಹರೀಬಾರ್ದು ಅಂದ್ರ ಆ ದಿನ ಎಲ್ಲಿಂದ ತರೋದು. ಹಾಕೋರು ಲೇಬಲ್ ಮ್ಯಾಲ ಲಿಂಬಿ ಹೆಸರು ಐತೇನ ನೋಡಿ ಹಾಕ್ರಿ. ಈ ಒಂದು ಲೆಕ್ಕದಾಗ ಬೂಸರ ಪುಡಿ ಗೆಲ್ಲತೈತಿ, ಕಾಯೋ ದಿನದ ರಗಳಿ ಇಲ್ಲ.

ಇನ್ನ ಸಸಿ. ನೀವು ಹೊಸಾ ತ್ವಾಟ ಹಚ್ಚೋರಿದ್ರ ಪುಡಿ ಬಿಡ್ರಿ, ಮೊದಲ ಸಸಿ ಬೇರು ನೋಡ್ರಿ. ಹುಳ ತಾನ ನಡಕೊಂತ ಭಾಳ ದೂರ ಹೋಗಂಗಿಲ್ಲ, ನಾವ ಒಯ್ದು ಮುಟ್ಟಸ್ತೀವಿ, ನರ್ಸರಿ ಚೀಲದಾಗ, ರೋಟವೇಟರ್ ಗಾಲ್ಯಾಗ, ಕಾಲುವಿ ನೀರಾಗ. ಹಳೆ ಲಿಂಬಿ ತ್ವಾಟದ ಮಣ್ಣು ತಂದು ಚೀಲ ತುಂಬೋ ನರ್ಸರಿ ಎಷ್ಟೋ ಅದಾವ. ಸಸಿಗೆ ರೇಟು ಮಾಡೋ ಮೊದಲು ಒಂದು ಚೀಲ ಹರದು ಬೇರು ತೊಳದು ನೋಡ್ರಿ, ನರ್ಸರಿಯಾವ ಬೈದ್ರ ಆ ಒಂದು ಸಸಿ ರೊಕ್ಕ ಕೊಟ್ಟುಬಿಡ್ರಿ. ನಮ್ಮ ಬಿಸಿಲಿಗೆ ಮಣ್ಣು ಹಸಿ ಮಾಡಿ ತೆಳ್ಳನ ಪಾರದರ್ಶಕ ಪ್ಲಾಸ್ಟಿಕ್ ಹೊಚ್ಚಿ ಅಂಚಿಗೆ ಮಣ್ಣು ಬಿಗದು ಏಪ್ರಿಲ್-ಮೇನಾಗ ನಾಕರಿಂದ ಆರು ವಾರ ಬಿಟ್ರ ನರ್ಸರಿ ಮಣ್ಣಿನ ಹುಳ ಭಾಳ ಮಟ್ಟಿಗೆ ಸಾಯ್ತಾವ, ಪುಕ್ಕಟೆ ಬಿಸಿಲು, ಆದ್ರೂ ಮಾಡೋರು ಕಡಿಮಿ.

ಇದಕ್ಕ ತಡಕೊಳ್ಳೋ ಬೇರುಗಿಡ ಇಲ್ಲೇನು ಅಂದ್ರ ಐತಿ, ಟ್ರೈಫೋಲಿಯೇಟ್ ಅಂತ ಮೂರೆಲಿ ಕಿತ್ತಳಿ ಜಾತಿ, ಅದರ ಮ್ಯಾಲ ಕಸಿ ಕಟ್ಟಿದ್ರ ಈ ಹುಳ ಅಷ್ಟ ಬೆಳಿಯಂಗಿಲ್ಲ. ಆದ್ರ ಸುಣ್ಣದ ಮಣ್ಣು ಅಂದ್ರ ಅದಕ್ಕ ಆಗಿ ಬರಂಗಿಲ್ಲ, ನಮ್ಮ ಮಡ್ಡ್ಯಾಗ ಹಚ್ಚಿದ್ರ ಹುಳದಿಂದ ಉಳದು ಹಳದಿ ಆಗಿ ಹೋಗತೈತಿ. ರಂಗಪುರ ಲಿಂಬಿ, ಜಂಬೇರಿ ಬೇರಿಗೆ ಈ ಹುಳ ಸಲೀಸ ಹತ್ತತೈತಿ. ಮತ್ತ ನಾವಂತೂ ಇಂಡಿ ಕಡೆ ಬೀಜದ ಸಸಿನ ಹಚ್ಚೋದು, ಕಸಿ ಮಾತ ದೂರ. ಇನ್ನೊಂದು, ಈ ಹುಳಕ್ಕ ದ್ರಾಕ್ಷಿ ಬೇರೂ ನಡೀತೈತಿ. ಹಳೆ ದ್ರಾಕ್ಷಿ ಪಡ ಕಿತ್ತು ಲಿಂಬಿ ಹಚ್ಚೋರು ನಮ್ಮ ಜಿಲ್ಲಾದಾಗ ಅದಾರಲ್ಲ, ಅವ್ರು ಹಚ್ಚೋ ಮೊದಲ ಮಣ್ಣು ಟೆಸ್ಟ್ ಮಾಡಸ್ರಿ.

ಯಾವಾಗ ಹಾಕಬೇಕು ಅನ್ನೋದು ಕಡೀ ಮಾತು. ನಮ್ಮಲ್ಲಿ ಬ್ಯಾಸಿಗಿ ರೇಟಿಗೆ ಅಂತ ಹಸ್ತ ಬಹಾರ (ಹಸ್ತ ಮಳಿ ಹೊತ್ತಿನ ಹೂವು) ಹಿಡೀತೀವಿ, ಅದಕ್ಕ ಗಿಡಕ್ಕ ನೀರು ಬಂದ್ ಮಾಡಿ ಒಣಗಸ್ತೀವಿ. ಆ ಒಣ ಟೈಮಿನಾಗ ಪುಡಿ ಹಾಕಿದ್ರ ಬೂಸರ ಬೆಳಿಯಂಗಿಲ್ಲ. ನೀರು ಬಿಡೋ ದಿನ ಲೆಕ್ಕ ಹಾಕಿ, ಅದಕ್ಕ 15 ದಿನ ಮೊದಲ ಗುಂಪಿ ಹಾಕ್ರಿ, ಮೊದಲ ನೀರಿನ ಜೋಡಿ ಗೊಬ್ಬರ ಬೀಳಲಿ. ಹೊಸಾ ಬೇರು ಒಡಿಯೋದೂ ಆಗ, ಹುಳ ಹತ್ತಾಕ ಬರೋದೂ ಆಗ. ಹುಳ ಭಾಳ ಇದ್ದ ಗಿಡಕ್ಕ ಒಣಗಸೋದೂ ಸ್ವಲ್ಪ ಕಡಿಮಿ ಮಾಡ್ರಿ, ಬೇರ ಕಡಿಮಿ ಇರೋದ್ರಿಂದ ಛಲೋ ಗಿಡದಷ್ಟು ತಡಕೊಳ್ಳಂಗಿಲ್ಲ, ಎಲಿ ಉದುರಿಸಿ ಹಂಗ ಕೂತುಬಿಡತೈತಿ. ಇನ್ನೊಂದು ಡೋಸ್ ಮುಂಗಾರಿ ಮಳಿ ಹಿಡಿದಾಗ. ವರ್ಷಾ ಹಾಕಬೇಕೇನು ಅಂದ್ರ ಹೌದು, ಒಮ್ಮಿ ಹಾಕಿ ಬಿಟ್ರ ಹುಳ ಮತ್ತ ಮೊದಲಿನ ಲೆಕ್ಕಕ್ಕ ಬರತಾವ.

ನಾ ಮತ್ತ ತಗೋತೀನೇನು, ತಗೋತೀನಿ, ಕೆಜಿ ಪಾಕೀಟ, ಗುಂಪಿಗೆ ಎಷ್ಟು ಬೇಕೋ ಅಷ್ಟ. ಸ್ಕೀಮ್ ಐತಿ, ಹತ್ತಕ್ಕ ಎರಡು ಫ್ರೀ ಅಂತ ಅಂಗಡ್ಯಾವ ಮೊನ್ನೆ ಮತ್ತ ಫೋನ್ ಮಾಡಿದ್ದ, ತಯಾರಾದ ತಾರೀಖು ಓದು ಅಂದೆ, ಆಮ್ಯಾಲ ಹಚ್ಚತೀನಿ ಅಂತ ಇಟ್ಟ.